ಸಾಕ್ಷಿಗೆ ಇಟ್ಟ ಸೈಕಲ್ಲು

ಫೆಬ್ರವರಿ 3

ಅಣ್ಣಾ,

ಸುತ್ತಿ ಬಳಸಿ ಬರೆಯುವ ಸ್ಥಿತಿಯಲ್ಲಿಲ್ಲ. ಪಟ್ಟಿ ಮಾಡುತ್ತೇನೆ, ಓದಿಕೋ.

ಪಾರ್ಕಿನವರು ಕೊಡುತ್ತೇವೆ ಎಂದದ್ದು: ಕಲ್ಲುಗಣಿ ಮುಚ್ಚಿದ ಮೇಲೆ ನಮ್ಮ ಗುಡ್ಡ ಸೈಕಲ್ ಪಾರ್ಕ್ ಆಗುತ್ತದೆ. ದಾರಿ ಕಡಿದವರಿಗೇ ಮೊದಲ ಹಕ್ಕು. ಕೆಳಗಿನ ಸುಲಭದ ಹಸಿರು ದಾರಿ, ನಡುವಿನ ನೀಲಿ ದಾರಿ, ಮೇಲಿನ ಗುಡ್ಡದ ಕಷ್ಟದ ಕಪ್ಪು ದಾರಿ, ಮೂರೂ ಕಾಲೊನಿಗೆ ತೆರೆದಿರುತ್ತವೆ. ಗುಡ್ಡ ಸುತ್ತಿ ಬಿದ್ದವರನ್ನು ಎತ್ತುವ ಕಾವಲು ಸವಾರರ ಕೆಲಸವೂ ನಮ್ಮವರಿಗೇ.

ಕೊಡದೆ ಹೋದದ್ದು: ಮೇಲಿನ ಗುಡ್ಡ, ಅದರ ಜೊತೆಗೆ ಆ ಕೆಲಸ. ಹನ್ನೊಂದು ತಿಂಗಳು ಗುದ್ದಲಿ ಹಿಡಿದ ಹದಿನೇಳು ಜನಕ್ಕೆ ಮೇಲಿನ ಗೇಟು ಮುಚ್ಚಿದೆ. ‘ನಿಮ್ಮ ಸುರಕ್ಷತೆಗಾಗಿ’ ಎಂದು ಬೋರ್ಡು ಹಾಕಿದ್ದಾರೆ. ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ಬರುವವರ ಸುರಕ್ಷತೆ ಯಾರಿಗೂ ಬೇಕಾಗಿಲ್ಲ. ಅವರು ನೇರ ಒಳಗೆ ಹೋಗುತ್ತಾರೆ.

ಷರತ್ತು: ನಮ್ಮಲ್ಲಿ ಒಬ್ಬರು ಪಾರ್ಕಿನ ಮ್ಯಾನೇಜರನ ಕಣ್ಣೆದುರು, ಕಾಲು ನೆಲಕ್ಕೆ ಊರದೆ, ನೀಲಿ ದಾರಿಯನ್ನು ಪೂರ್ತಿ ಇಳಿಯಬೇಕು. ಒಂದೇ ಅವಕಾಶ. ಇಳಿದರೆ ಹದಿನೇಳು ಜನಕ್ಕೂ ಗೇಟು ತೆರೆಯುತ್ತದೆ. ಇಳಿಯದಿದ್ದರೆ ಯಾರಿಗೂ ಇಲ್ಲ. ನಮ್ಮ ಹದಿನೇಳು ಜನರ ಸಮಿತಿ ನನ್ನನ್ನು ಆರಿಸಿತು.

ನೀನು ಕೊಡುತ್ತೇನೆ ಎಂದದ್ದು: ನಿನ್ನ ಕೈಯಾರೆ ಜೋಡಿಸಿದ ಸೈಕಲ್. ಪರೀಕ್ಷೆಯ ದಿನ ಗುಡ್ಡದ ಬುಡದಲ್ಲಿ ನೀನು. ಸೈಕಲ್ ಬಂತು. ನೀನು ಬರಲಿಲ್ಲ. ರಜೆ ಕೊಡಲಿಲ್ಲ ಎಂದು ಬರೆದೆ.

ಜನವರಿ 26, ಭಾನುವಾರ ಪರೀಕ್ಷೆ ನಡೆಯಿತು. ನಾನು ಮುಗಿಸಲಿಲ್ಲ. ಮೂರನೇ ತಿರುವಿನ ಹತ್ತಿರ ನಿಂತುಬಿಟ್ಟೆ. ಅಷ್ಟೇ. ಗೇಟು ಮುಚ್ಚಿಯೇ ಇದೆ.

ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ತಂಗಿ

*

ಫೆಬ್ರವರಿ 14

ತಂಗೀ,

ನಿನ್ನ ಪತ್ರ ಸಾಮಾನಿನ ಲಾರಿಯಲ್ಲಿ ಸಿಮೆಂಟಿನ ಚೀಲಗಳ ನಡುವೆ ಬಂತು. ಈ ಸುರಂಗದ ಕ್ಯಾಂಪಿಗೆ ವಾರಕ್ಕೊಂದೇ ಲಾರಿ. ಫೋನು ಇಲ್ಲಿ ಇಟ್ಟಿಗೆಗೆ ಸಮ, ಕಾಗದ ಹಾರದಂತೆ ಒತ್ತಿಡಲು ಮಾತ್ರ ಉಪಯೋಗ.

ಪತ್ರ ಓದಿ ನನ್ನ ಮೈ ಉರಿಯಿತು. ‘ನಿಂತುಬಿಟ್ಟೆ’ ಎಂದರೇನು? ಹದಿನೇಳು ಜನರ ಬೆವರನ್ನು ಬೆನ್ನ ಮೇಲೆ ಹೊತ್ತವಳು ನಡುದಾರಿಯಲ್ಲಿ ನಿಲ್ಲುವುದೆಂದರೇನು? ಅಮ್ಮ ತಲೆಯ ಮೇಲೆ ಕಲ್ಲು ಹೊತ್ತು ಇಳಿದ ಗುಡ್ಡ ಅದು. ಅವಳಿಗೆ ಬ್ರೇಕು ಇತ್ತಾ? ಗೇಟನ್ನು ಅವರು ಬೀಗದಿಂದ ಕಾಯುತ್ತಿದ್ದಾರೆ ಎಂದುಕೊಂಡಿದ್ದೀಯಾ? ಅದನ್ನು ಕಾಯುತ್ತಿರುವುದು ನಮ್ಮೊಳಗಿನ ಹೆದರಿಕೆ. ಈ ಕಾವಲುಗಾರನಿಗೆ ಅವರು ಸಂಬಳವನ್ನೂ ಕೊಡಬೇಕಾಗಿಲ್ಲ.

ನಾಲ್ಕು ಭಾನುವಾರ ಕೂತು ಆ ಸೈಕಲ್ ಜೋಡಿಸಿದೆ. ಹದಿನೆಂಟು ವರ್ಷ ಮೋಟಾರ್‌ಸೈಕಲ್ ಬಿಚ್ಚಿ ಕಟ್ಟಿದ ಕೈ ಇದು. ಒಂದು ನಟ್ಟೂ ಸಡಿಲ ಬಿಟ್ಟಿಲ್ಲ. ಸೈಕಲ್ ನಿಲ್ಲಲಿಲ್ಲ, ನೀನು ನಿಂತೆ. ಪತ್ರವನ್ನೂ ಬಸ್ಸಿನಲ್ಲಿ ಗೀಚಿ ಬಿಸಾಕಿದ್ದೀಯ, ಅಣ್ಣನಿಗೆ ಇಷ್ಟು ಸಾಕು ಎಂಬಂತೆ.

ರಜೆಯ ಮಾತು ಎತ್ತಬೇಡ. ಇಲ್ಲಿಯ ಆಡಳಿತ ಇಲ್ಲಿಯ ಬಂಡೆಗಿಂತ ಗಟ್ಟಿ.

ಅಣ್ಣ

*

ಫೆಬ್ರವರಿ 24

ಅಣ್ಣನವರಿಗೆ,

ಅಮ್ಮನಿಗೆ ಬ್ರೇಕು ಇತ್ತಾ ಎಂದು ಕೇಳಿದ್ದೀಯ. ಪತ್ರವನ್ನು ಅವಳಿಗೇ ಓದಿ ಹೇಳಿದೆ. “ಇಲ್ಲದ್ದಕ್ಕೇ ನನ್ನ ಮೊಣಕಾಲು ಹೀಗಾಗಿರೋದು ಅಂತ ಬರಿ ಅವನಿಗೆ” ಅಂದಳು. ಬರೆದಿದ್ದೇನೆ.

ನಾನು ನಿಲ್ಲಲಿಲ್ಲ. ಬಿದ್ದೆ. ಸ್ವಲ್ಪ ತರಚಿತು.

ಸೈಕಲ್ಲಿನ ಬ್ರೇಕಿಗೆ ಯಾರೋ ಕೈ ಹಾಕಿದ್ದಾರೆ ಎಂದು ಸಮಿತಿ ಹೇಳುತ್ತಿದೆ. ಪರೀಕ್ಷೆಯ ಬೆಳಿಗ್ಗೆ ಅದನ್ನು ಮುಟ್ಟಿದವನು ಒಬ್ಬನೇ: ಪಾರ್ಕಿನ ರಿಪೇರಿ ಶೆಡ್ಡಿನ ಮುದುಕ. ಸ್ಪ್ಯಾನರ್ ಅಜ್ಜ ಎಂದೇ ಎಲ್ಲರೂ ಕರೆಯುವುದು. ಮೇಲೆ ಹೋಗುವ ಪ್ರತಿ ಸೈಕಲ್ಲನ್ನೂ ಅವನು ನೋಡಿಯೇ ಬಿಡುತ್ತಾನೆ. ಮೂರು ದಿನ ಶೆಡ್ಡಿನ ಎದುರು ಧರಣಿ ಕೂತೆವು. ಮ್ಯಾನೇಜರ್ ಅವನನ್ನು ಕೆಲಸದಿಂದ ಮನೆಗೆ ಕಳಿಸಿದ.

ನಿನ್ನ ಸೈಕಲ್ಲು ಈಗ ಸಾಕ್ಷಿ. ಸಮಿತಿಯ ಕೊಠಡಿಯಲ್ಲಿ ಟಾರ್ಪಾಲು ಹೊದಿಸಿ ಬೀಗ ಹಾಕಿದ್ದಾರೆ. ತನಿಖೆಯವರು ಬರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಲಾಂಡ್ರಿಯ ಪಾಳಿ ನೋಡಿಕೊಳ್ಳುವ ದೊಡ್ಡಕ್ಕನೇ ಸಮಿತಿಯ ಸಂಚಾಲಕಿಯಲ್ಲವೇ, ಹ್ಯಾಂಡಲ್ಲಿಗೆ ಚೀಟಿ ಅಂಟಿಸಿ ಸಹಿ ಹಾಕಿದ್ದಾಳೆ. ಲಾಂಡ್ರಿಗೆ ಬರುವ ಆಸ್ಪತ್ರೆಯ ಬೆಡ್‌ಶೀಟ್ ಎಣಿಸುವಷ್ಟೇ ಕಟ್ಟುನಿಟ್ಟು.

ಯಾರೋ ಕೈ ಹಾಕಿದ್ದಾರೆ ಎಂದಾಗ ನಾನು ಹೌದು ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ತಂಗಿ

*

ಮಾರ್ಚ್ 6

ನನ್ನ ತಂಗೀ,

ನನ್ನ ಬೈಗುಳವನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ, ಎಣಿಸಿ ಕಳಿಸಿಬಿಡು. ‘ಅಣ್ಣನವರಿಗೆ’ ಎಂದು ಬರೆದೆಯಲ್ಲ, ಅದು ಕಪಾಳಕ್ಕೆ ಹೊಡೆದಂತೆ ಆಯಿತು. ಆದರೆ ಮನಸ್ಸು ಹಗುರಾಯಿತು. ನೀನು ಹೆದರಲಿಲ್ಲ. ನಿನ್ನನ್ನು ಬೀಳಿಸಿದರು.

ಆ ಮುದುಕನನ್ನು ಬಿಡಬೇಡಿ. ಅವನೂ ದುಡಿಯುವವನೇ ಎಂದು ಯಾರಾದರೂ ಮೆತ್ತಗಾದರೆ ಕೇಳಬೇಡಿ. ಯಜಮಾನನ ಸ್ಪ್ಯಾನರ್ ಹಿಡಿದವನು ಯಜಮಾನನ ಕಡೆಯವನೇ. ಶೆಡ್ಡಿನ ಗೋಡೆಗೆ ಬರೆಯಿರಿ: ‘ಗುಡ್ಡ ಕಡಿದವರ ಬ್ರೇಕಿಗೆ ಕೈ ಹಾಕಿದವರು ಯಾರು?’ ದಪ್ಪ ಅಕ್ಷರ, ಕೆಂಪು ಬಣ್ಣ, ರಸ್ತೆಯಿಂದ ಕಾಣುವ ಹಾಗೆ.

ನನ್ನ ಕೈಯಿಂದ ಹೊರಟ ಸೈಕಲ್ಲಿನಲ್ಲಿ ದೋಷ ಇರಲು ಸಾಧ್ಯವೇ ಇಲ್ಲ. ಎಲ್ಲಿ ಬೇಕಾದರೂ ಸಹಿ ಹಾಕಿ ಕೊಡುತ್ತೇನೆ.

ಅಣ್ಣ

*

ಮಾರ್ಚ್ 17

ಅಣ್ಣಾ,

ನಿನ್ನ ಘೋಷಣೆ ಗೋಡೆಗೆ ಏರಿದೆ. ಬಣ್ಣ ತಂದವಳು ದೊಡ್ಡಕ್ಕ. ಬರೆಯಲು ನನ್ನನ್ನು ಕರೆದರು, ನನಗೆ ಆಗಲಿಲ್ಲ. ಯಾಕೆ ಎಂಬುದನ್ನು ಇವತ್ತು ಹೇಳುತ್ತೇನೆ.

ಮುಂಚಿನ ಎರಡೂ ಪತ್ರ ಎಡಗೈಯಲ್ಲಿ ಬರೆದವು. ಬಸ್ಸೂ ಇಲ್ಲ, ಏನೂ ಇಲ್ಲ. ಬಲಗೈ ಮಣಿಕಟ್ಟು ಮುರಿದು ಏಳು ವಾರ ಪ್ಲಾಸ್ಟರಿನಲ್ಲಿತ್ತು. ಮೊನ್ನೆ ಬಿಚ್ಚಿದರು. ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ಅಲ್ಲಿಂದ ಓಡಿ ಬರುತ್ತಿದ್ದೆ, ಕೆಲಸ ಕಳೆದುಕೊಳ್ಳುತ್ತಿದ್ದೆ. ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದಿಂದ ತೆಗೆದು ದಿಂಬಿನ ಚೀಲ ಮಡಿಸಲು ಕೂರಿಸಿದರು. ಒಂದು ಕೈ, ಒಂದು ಗದ್ದ, ಹಾಗೆ ಮಡಿಸಿದೆ. ಅಮ್ಮ ನನ್ನ ಜಡೆ ಹೆಣೆಯುತ್ತಾ ದಿನಾ ಅದನ್ನೇ ಹೇಳುತ್ತಾಳೆ, “ಇವಳನ್ನ ಹೆತ್ತದ್ದು ಒಂದು ಸಲ, ಸಾಕೋದು ಎರಡು ಸಲ.”

ಹೋದ ಮಂಗಳವಾರ ಸ್ಪ್ಯಾನರ್ ಅಜ್ಜ ಲಾಂಡ್ರಿಯ ಹಿಂಬಾಗಿಲಿಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಜಗಳಕ್ಕೆ ಬಂದ ಎಂದುಕೊಂಡು ಸೆಟೆದು ನಿಂತೆ.

“ಕೈ ಹೇಗಿದೆ ಮಗಳೇ?”

“ಇದೆ.”

“ನಿನ್ನ ಬ್ರೇಕ್ ನಾನು ತಿರುಚಿಲ್ಲ. ನಟ್ಟು ನೋಡ್ದೆ, ಗಾಳಿ ನೋಡ್ದೆ, ಎರಡೂ ಬ್ರೇಕ್ ಹಿಡ್ದು ನೂಕಿ ನೋಡ್ದೆ. ಹಿಡೀತಿತ್ತು. ಬಿಟ್ಟೆ.”

“ಮತ್ತೆ ನಾನು ಹೇಗೆ ಬಿದ್ದೆ?”

“ಅದನ್ನೇ ಕೇಳೋಕೆ ಬಂದೆ. ಬೀಳೋವಾಗ ಯಾವ ಬೆರಳು ಒತ್ತಿದ್ದೆ, ನೆನಪಿದ್ಯಾ?”

ನಾನು ಒಳಗೆ ಬಂದುಬಿಟ್ಟೆ. ದೊಡ್ಡಕ್ಕ ಬಾಗಿಲಲ್ಲೇ ಕೈ ಕಟ್ಟಿ ನಿಂತಿದ್ದಳು. ಅವನ ಪ್ರಶ್ನೆ ಮಾತ್ರ ನನ್ನ ಹಿಂದೆಯೇ ಒಳಗೆ ಬಂತು. ಅವನಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ.

ಏಳು ತಿಂಗಳು ಪಾರ್ಕಿನ ಬಾಡಿಗೆ ಸೈಕಲ್ಲಿನಲ್ಲಿ ಕಲಿತೆ. ಮೊದಲ ವಾರ ಹಸಿರು ದಾರಿಯಲ್ಲಿ ಸೀಟಿಗೆ ಅಂಟಿಕೊಂಡು, ಚಕ್ರವನ್ನೇ ನೋಡುತ್ತಾ ಇಳಿದೆ. ಆಮೇಲೆ ಪೆಡಲಿನ ಮೇಲೆ ಎದ್ದು ನಿಲ್ಲಲು, ಹಿಮ್ಮಡಿ ಕೆಳಗೆ ಹಾಕಲು, ಚಕ್ರ ಬಿಟ್ಟು ಮುಂದಿನ ತಿರುವನ್ನು ನೋಡಲು ಕಲಿತೆ. ತಿರುವುಗಳಲ್ಲಿ ನಾವೇ ಕಟ್ಟಿದ ಓರೆ ದಿಬ್ಬಗಳ ಮೇಲೆ ಸೈಕಲ್ಲನ್ನು ವಾಲಿಸಿದಾಗ, ಮಣ್ಣನ್ನು ಅಷ್ಟು ಗಟ್ಟಿಯಾಗಿ ಯಾಕೆ ಬಡಿದೆವು ಎಂಬುದು ಅಂಗಾಲಿಗೆ ತಿಳಿಯಿತು. ನೀಲಿ ದಾರಿಯನ್ನು ಹದಿನಾಲ್ಕು ಸಲ ಬೀಳದೆ ಇಳಿದಿದ್ದೆ.

ನಿನ್ನ ಸೈಕಲ್ ಪರೀಕ್ಷೆಗೆ ಎರಡೇ ದಿನ ಮೊದಲು ಬಂತು. ಓಣಿಯಲ್ಲಿ ನಾಲ್ಕು ಸುತ್ತು ಹೊಡೆದೆ. ಸಪಾಟು ನೆಲ, ನಿಲ್ಲಿಸಬೇಕಾದಾಗ ಎರಡೂ ಬ್ರೇಕು ಒಟ್ಟಿಗೇ ಹಿಡಿದೆ. ಚೆನ್ನಾಗಿತ್ತು. ಪರೀಕ್ಷೆಯ ದಿನ ಮೊದಲೆರಡು ತಿರುವು ಬ್ರೇಕಿಲ್ಲದೆ ಹೋದವು. ಮೂರನೆಯದಕ್ಕೆ ಮುಂಚೆ ಕಲ್ಲಿನ ಇಳಿಜಾರಿದೆ. ಅಲ್ಲಿ ಹಿಂದಿನ ಬ್ರೇಕನ್ನು ಮಾತ್ರ, ಮೆಲ್ಲಗೆ ಹಿಡಿಯಬೇಕು. ಕಲಿತಂತೆಯೇ ಬಲಗೈಯ ಒಂದೇ ಬೆರಳಲ್ಲಿ ಹಿಂದಿನ ಬ್ರೇಕು ಒತ್ತಿದೆ. ಹಿಂದಿನ ಚಕ್ರ ಆಕಾಶಕ್ಕೆ ಎದ್ದಿತು. ಹ್ಯಾಂಡಲ್ಲಿನ ಮೇಲಿಂದ ಹಾರಿ ಕಲ್ಲಿಗೆ ಕೈ ಊರಿದೆ.

ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನನ್ನ ಕಲಿಕೆಯೇ ಸುಳ್ಳು, ಹದಿನಾಲ್ಕು ಸಲವೂ ಅದೃಷ್ಟ ಅನ್ನಿಸುತ್ತದೆ. ಲಾಂಡ್ರಿಯ ಸಾಮಾನು ಏರಿಸುವ ಇಳಿಜಾರು ಹಲಗೆಯನ್ನೂ ಸುತ್ತು ಹಾಕಿ ಹೋಗುತ್ತಿದ್ದೇನೆ. ಆ ಮುದುಕನ ಮೇಲೆ ಹೊರಿಸಿದ್ದು ಸುಲಭವಾಗಿತ್ತು ಅಣ್ಣಾ. ಅವನು ತಪ್ಪು ಮಾಡಿಲ್ಲದಿದ್ದರೆ ತಪ್ಪೆಲ್ಲ ನನ್ನದೇ.

ತಂಗಿ

*

ಮಾರ್ಚ್ 24

ತಂಗೀ,

ಲಾರಿ ಎಂಜಿನ್ ಆರಿಸಿಲ್ಲ, ಡ್ರೈವರ್ ಬಾಗಿಲು ಬಡಿಯುತ್ತಿದ್ದಾನೆ. ಇದನ್ನು ಈಗಲೇ ಓದು, ಎರಡು ಸಲ ಓದು.

ನಿನ್ನ ತಪ್ಪಲ್ಲ. ಆ ಅಜ್ಜನ ತಪ್ಪೂ ಅಲ್ಲ. ನನ್ನದು.

‘ಬಲಗೈಯ ಒಂದೇ ಬೆರಳಲ್ಲಿ ಹಿಂದಿನ ಬ್ರೇಕು’ ಎಂದು ಬರೆದಿದ್ದೀಯ. ನಾನು ಜೋಡಿಸಿದ ಸೈಕಲ್ಲಿನಲ್ಲಿ ಬಲಗೈಯದು ಹಿಂದಿನ ಬ್ರೇಕು ಅಲ್ಲ, ಮುಂದಿನದು. ಇಳಿಜಾರಿನಲ್ಲಿ ಮುಂದಿನ ಚಕ್ರ ಹಿಡಿದರೆ ಹಿಂದಿನದು ಏಳುತ್ತದೆ, ಸವಾರ ಹಾರುತ್ತಾನೆ. ಮೋಟಾರ್‌ಸೈಕಲ್ಲಿನಲ್ಲಿ ಹಾಗೇ ಇರುತ್ತದೆ. ಹದಿನೆಂಟು ವರ್ಷದ ಅಭ್ಯಾಸ, ಕೈ ಕೇಳದೆಯೇ ಹಾಗೆ ಕಟ್ಟಿತು. ನಿಮ್ಮ ಪಾರ್ಕಿನಲ್ಲಿ ಹೇಗೆ ಎಂದು ಕೇಳಬೇಕು ಅನ್ನುವುದು ತಲೆಗೇ ಹೊಳೆಯಲಿಲ್ಲ. ಎಲ್ಲ ಗೊತ್ತಿರುವವನಲ್ಲವೇ ನಾನು!

ಬೀಗ ತೆಗೆಸು. ಹಿಂದಿನ ಚಕ್ರ ಎತ್ತಿ ಜೋರಾಗಿ ತಿರುಗಿಸು. ಬಲಗೈ ಬ್ರೇಕು ಒತ್ತು. ಚಕ್ರ ತಿರುಗುತ್ತಲೇ ಇರುತ್ತದೆ. ಎಲ್ಲರ ಎದುರು ಮಾಡು, ಇದು ಅಣ್ಣನ ತಪ್ಪು ಎಂದು ಹೇಳು. ಗೋಡೆಯ ಮೇಲಿನ ಆ ಸಾಲನ್ನು ಇವತ್ತೇ ಅಳಿಸು. ಬ್ರೇಕಿಗೆ ಕೈ ಹಾಕಿದವರು ಯಾರು ಎಂದು ಕೇಳಿದವನೇ ಕೈ ಹಾಕಿದ್ದ.

ನೀನು ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದೆ. ನಿನಗೆ ಬರುತ್ತದೆ. ಹದಿನಾಲ್ಕು ಸಲವೂ ನಿಜ.

ಇನ್ನೊಂದಿದೆ, ಡ್ರೈವರ್ ಬೈದರೂ ಬರೆಯುತ್ತೇನೆ. ಜನವರಿಯಲ್ಲಿ ನನಗೆ ರಜೆ ಕೊಡಲಿಲ್ಲ ಎಂದದ್ದು ಸುಳ್ಳು. ನಾನು ಕೇಳಲೇ ಇಲ್ಲ. ಕೇಳಿದ ಇಬ್ಬರನ್ನು ಬಂಡೆ ಉದುರುವ ಸುರಂಗದ ಬಾಯಿಯ ಪಾಳಿಗೆ ಹಾಕಿದ್ದರು. ನನಗೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ಕೂತು ನಿನಗೆ ಧೈರ್ಯದ ಭಾಷಣ ಬರೆದೆ.

ಅಣ್ಣ

*

ಏಪ್ರಿಲ್ 3

ಅಣ್ಣಾ,

ಪತ್ರವನ್ನು ಬಾಗಿಲಲ್ಲೇ ನಿಂತು ಓದಿದೆ. ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. “ಯಾರು ಸತ್ತರೇ?” ಎಂದು ಅಮ್ಮ ಓಡಿ ಬಂದಳು. ಯಾರೂ ಇಲ್ಲ, ನನಗೆ ಸೈಕಲ್ ಹೊಡೆಯೋಕೆ ಬರುತ್ತಂತೆ ಅಂದೆ. ನಕ್ಕೆನೋ ಅತ್ತೆನೋ ತಿಳಿಯದು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ತಾನಾಗಿ ಎದ್ದು ನಡೆದುಹೋಯಿತು. ಸಿಟ್ಟು ಬರಬೇಕಿತ್ತು ನಿನ್ನ ಮೇಲೆ. ಬಂತು, ಆದರೆ ತಡವಾಗಿ ಬಂತು. ಅದನ್ನು ಮುಖಾಮುಖಿಗೆ ಇಟ್ಟುಕೊಂಡಿದ್ದೇನೆ.

ಶನಿವಾರ ಸಂಜೆ ಸಮಿತಿ ಸೇರಿತು. ಹದಿನೇಳೂ ಜನ. ಬೀಗ ತೆಗೆಯಿರಿ ಅಂದೆ.

“ಸಾಕ್ಷಿ ಮುಟ್ಟೋ ಹಾಗಿಲ್ಲ,” ದೊಡ್ಡಕ್ಕ ಅಡ್ಡ ನಿಂತಳು.

“ಸಾಕ್ಷೀನ ಕೇಳದೆ ಎರಡು ತಿಂಗಳು ಕೂಡಿ ಹಾಕಿದ್ದೀವಿ ದೊಡ್ಡಕ್ಕ. ಈಗ ಅದರ ಮಾತು ಕೇಳೋಣ.”

ಟಾರ್ಪಾಲು ಸರಿಸಿದೆ. ಹಿಂದಿನ ಚಕ್ರ ಎತ್ತಿ ತಿರುಗಿಸಿ ಬಲಗೈ ಬ್ರೇಕು ಒತ್ತಿದೆ. ಚಕ್ರ ತಿರುಗುತ್ತಲೇ ಇತ್ತು. ಟಿಕ್ ಟಿಕ್ ಟಿಕ್. ಎಡಗೈ ಒತ್ತಿದೆ. ನಿಂತಿತು. ನಿನ್ನ ಪತ್ರ ಓದಿದೆ. ರಜೆಯ ಸಾಲು ಬಿಟ್ಟು ಓದಿದೆ, ಅದು ನಮ್ಮಿಬ್ಬರದು.

ಒಬ್ಬ ನಿನ್ನನ್ನು ಬೈದ. ಇನ್ನೊಬ್ಬ ಜೋರಾಗಿ ನಕ್ಕು, ಎಲ್ಲರೂ ನೋಡಿದ ಮೇಲೆ ಬಾಯಿ ಮುಚ್ಚಿದ.

ದೊಡ್ಡಕ್ಕ ನಿಧಾನವಾಗಿ ಅಂದಳು: “ಇದನ್ನ ಹೊರಗೆ ಹೇಳಿದ್ರೆ ಮ್ಯಾನೇಜರ್ ಹೊಟ್ಟೆ ಹಿಡ್ಕೊಂಡು ನಗ್ತಾನೆ. ಗುಡ್ಡ ಹೋದ ಹಾಗೇ ಲೆಕ್ಕ.”

“ನಗಲಿ. ನಮಗೆ ಮಾತು ಕೊಟ್ಟು ತಪ್ಪಿದರು ಅಂತ ತಾನೇ ನಾವು ಬೀದಿಗೆ ಬಂದದ್ದು? ಮುದುಕನ ಅನ್ನ ಕಿತ್ತು ಆ ಗೇಟು ತೆಗೆಸೋದಾದ್ರೆ ನಾನು ಆ ಗೇಟಿನೊಳಗೆ ಕಾಲಿಡಲ್ಲ.”

ದೊಡ್ಡಕ್ಕ ಹ್ಯಾಂಡಲ್ಲಿನ ಚೀಟಿ ಕಿತ್ತು ಹರಿದಳು. “ಬಣ್ಣದ ಡಬ್ಬಿ ಎಲ್ಲಿಟ್ರಿ?” ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಹದಿನೇಳು ಜನ ಶೆಡ್ಡಿನ ಗೋಡೆಗೆ ಸುಣ್ಣ ಬಳಿದೆವು. ಸ್ಪ್ಯಾನರ್ ಅಜ್ಜನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವನು ಒಳಗೆ ಕರೆಯಲಿಲ್ಲ, ಬಾಗಿಲನ್ನು ಹಾಕಲೂ ಇಲ್ಲ. “ಯಾವ ಬೆರಳು ಅಂತ ಕೇಳಿದ್ನಲ್ಲ” ಎಂದಷ್ಟೇ ಅಂದ. ಧರಣಿ ಮಾಡಿ ಮನೆಗೆ ಕಳಿಸಿದವರೇ ಮತ್ತೆ ಧರಣಿ ಮಾಡಿ ಅವನನ್ನು ವಾಪಸು ಕರೆಸಿಕೊಂಡೆವು. ಮ್ಯಾನೇಜರ್ ತಲೆ ಕೆರೆದುಕೊಂಡ.

ದೊಡ್ಡಕ್ಕ ಅಂದಂತೆ ಮ್ಯಾನೇಜರ್ ನಕ್ಕದ್ದೂ ನಿಜ. ಆದರೆ ಕೆಲಸಕ್ಕೆ ಬಂದ ಮೊದಲ ದಿನವೇ ಸ್ಪ್ಯಾನರ್ ಅಜ್ಜ ಅವನನ್ನು ಶೆಡ್ಡಿನ ಬೋರ್ಡಿನ ಎದುರು ನಿಲ್ಲಿಸಿ ನಿಯಮ ಓದಿಸಿದ. ಸಲಕರಣೆ ಸರಿ ಇಲ್ಲದ ಸವಾರಿ ಲೆಕ್ಕಕ್ಕಿಲ್ಲ ಎಂಬುದು ಅವರದೇ ನಿಯಮ. ದೋಷ ನಮ್ಮ ಕಡೆಯದು ಎಂದು ನಾನು ಬರೆದು ಸಹಿ ಹಾಕಿದರೆ ಮತ್ತೊಂದು ಪರೀಕ್ಷೆ. ಹಾಕಿದೆ. ಬಲಗೈಯಲ್ಲೇ ಹಾಕಿದೆ.

ಏಪ್ರಿಲ್ 27, ಭಾನುವಾರ.

ತಂಗಿ

*

ಏಪ್ರಿಲ್ 14

ತಂಗೀ,

ರಜೆ ಕೇಳಿದೆ.

ಹೋದ ಸೋಮವಾರ ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಮೂರು ಪುಟದ ಭಾಷಣ ತಯಾರು ಮಾಡಿದೆ. ದುಡಿಯುವವನ ಹಕ್ಕು, ಮನುಷ್ಯನ ಘನತೆ, ಎಲ್ಲ ಇತ್ತು ಅದರಲ್ಲಿ. ಒಳಗೆ ಹೋಗಿ “ಸರ್, ಮೇ ತಿಂಗಳಲ್ಲಿ ಹತ್ತು ದಿನ” ಅಂದೆ. ಗುಮಾಸ್ತ ತಲೆ ಎತ್ತದೆ “ಯಾವತ್ತಿಂದ?” ಅಂದ. ಭಾಷಣ ಹಾಗೇ ಗಂಟಲಲ್ಲಿ ಉಳಿಯಿತು. ಈಗ ಅದನ್ನು ಕೇಳುವವರಿಲ್ಲ, ಊಟದ ಸಾಲಿನಲ್ಲಿ ಪಕ್ಕದವನಿಗೆ ಹೇಳಿದೆ. ಮುಂದಿನ ವಾರ ಅವನೂ ಕೇಳುತ್ತಾನಂತೆ. ಆ ಇಬ್ಬರನ್ನು ಸುರಂಗದ ಬಾಯಿಗೆ ಹಾಕಿದ್ದು ತಪ್ಪೆಂದು ಬರೆದುಕೊಡಲು ನಾವು ಆರು ಜನ ಸೇರಿದ್ದೇವೆ. ಇಷ್ಟು ದಿನ ಆರೂ ಜನ ಬೇರೆ ಬೇರೆ ಹೆದರಿ ಕೂತಿದ್ದೆವು.

27ಕ್ಕೆ ಬರಲಾಗುವುದಿಲ್ಲ, ಮೇ ತಿಂಗಳಿಗೆ ಮುಂಚೆ ಇಲ್ಲಿ ಯಾರಿಗೂ ರಜೆ ಇಲ್ಲ. ಮೇ 9ರಂದು ಇಲ್ಲಿಂದ ಹೊರಡುತ್ತೇನೆ. ಬ್ರೇಕು ಬದಲಿಸುವುದು ಹೇಗೆ ಎಂದು ಇಲ್ಲಿಂದಲೇ ಬರೆದು ಹೇಳುವ ಧೈರ್ಯ ನನಗಿಲ್ಲ. ಅಜ್ಜನ ಕೈಗೆ ಕೊಡು. ಅವನು ಒಪ್ಪಿದರೆ.

ಗೆದ್ದರೂ ಬರೆ, ಬಿದ್ದರೂ ಬರೆ. ತರಚಿತು ಎಂದು ಮಾತ್ರ ಬರೆಯಬೇಡ, ಎಲ್ಲಿ, ಎಷ್ಟು ಎಂದು ಬರೆ.

ಅಣ್ಣ

*

ಏಪ್ರಿಲ್ 28

ಅಣ್ಣಾ,

ಎಡ ಮೊಣಕೈಯಲ್ಲಿ ತರಚಿದೆ, ಎರಡು ಬೆರಳಗಲ. ಅದೂ ಗುಡ್ಡದಲ್ಲಿ ಅಲ್ಲ. ಇಳಿದು ಮುಗಿದ ಮೇಲೆ ದೊಡ್ಡಕ್ಕ ನನ್ನನ್ನು ಎತ್ತಲು ಹೋಗಿ ಕೆಡವಿದಳು.

ಅಜ್ಜ ಒಪ್ಪಿದ. ಹೋದ ವಾರ ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ ಅರ್ಧ ಗಂಟೆಯಲ್ಲಿ ಎರಡೂ ಬ್ರೇಕು ಅದಲುಬದಲು ಮಾಡಿದ. ಕೊನೆಗೆ ಕೈ ಒರೆಸಿಕೊಳ್ಳುತ್ತಾ ಅಂದ, “ನಿಮ್ಮಣ್ಣನ ಕೆಲಸ ಚೊಕ್ಕವಾಗಿದೆ. ಯಾವ ನಟ್ಟೂ ನನಗೆ ಸುಲಭಕ್ಕೆ ಬಿಚ್ಚಿಕೊಳ್ಳಲಿಲ್ಲ. ಒಂದು ಮಾತು ಕೇಳಿದ್ದಿದ್ರೆ ಆಗ್ತಿತ್ತು.” ಆಮೇಲೆ ಜಲ್ಲಿಯ ಮೇಲೆ ಮೆಲ್ಲಗೆ ಓಡಿಸಿ ಬಲಬೆರಳು ಒತ್ತು ಅಂದ. ಒತ್ತಿದೆ. ಹಿಂದಿನ ಚಕ್ರ ಸರ್ ಎಂದು ಜಾರಿ ಗೆರೆ ಎಳೆಯಿತು. ಆ ಸದ್ದು ಕೇಳಿ ನನ್ನ ಭುಜ ಎರಡಂಗುಲ ಕೆಳಗಿಳಿಯಿತು.

ಆ ವಾರವೆಲ್ಲ ಪಾಳಿ ಮುಗಿದ ಮೇಲೆ ಹಸಿರು ದಾರಿಯಿಂದ ಮತ್ತೆ ಶುರು ಮಾಡಿದೆ. ಮೊದಲ ದಿನ ಪ್ರತಿ ತಿರುವಿನಲ್ಲೂ ಕಾಲೂರಿದೆ. ಮೂರನೇ ದಿನ ಊರಲು ಮರೆತೆ.

ನಿನ್ನೆ ಮ್ಯಾನೇಜರ್ ಮೂರನೇ ತಿರುವಿನಲ್ಲೇ ನಿಂತಿದ್ದ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಪೆನ್ನು. ಕಲ್ಲಿನ ಇಳಿಜಾರು ಬಂತು. ನೀನು ಹೇಳಿದ್ದೇನೂ ನೆನಪಾಗಲಿಲ್ಲ, ಕೋಪ ಮಾಡಿಕೊಳ್ಳಬೇಡ. ಕಣ್ಣು ಮುಂದಿನ ತಿರುವಿನ ಮೇಲೆ, ಹಿಮ್ಮಡಿ ಕೆಳಗೆ, ಬಲಬೆರಳು ಮೆಲ್ಲಗೆ. ಸೈಕಲ್ಲು ಮಂಡಿ ಬಗ್ಗಿಸಿ ಇಳಿಯುವ ಹಸುವಿನಂತೆ ಇಳಿಯಿತು. ಅವನ ಪಕ್ಕದಲ್ಲೇ ಹಾದುಹೋದೆ. ಮಣ್ಣು ಅವನ ಷೂ ಮೇಲೆ ಬಿತ್ತು. ಬೇಕೆಂದು ಹಾರಿಸಲಿಲ್ಲ, ಬೇಜಾರೂ ಆಗಲಿಲ್ಲ. ಕೊನೆಯ ಓರೆ ದಿಬ್ಬ ನಾನೇ ಬಡಿದದ್ದು. ಅಲ್ಲಿ ಬ್ರೇಕು ಮುಟ್ಟದೆ ವಾಲಿದೆ.

ಬುಡದಲ್ಲಿ ಅಮ್ಮ ಕಲ್ಲಿನ ಮೇಲೆ ಕೂತಿದ್ದಳು. “ಮುಗೀತಾ?” ಅಂದಳು. ಮುಗೀತಮ್ಮ ಅಂದೆ. “ಇಷ್ಟೇನಾ? ನಾನು ಇಳಿಯೋಕೆ ಮುಕ್ಕಾಲು ಗಂಟೆ ಆಗ್ತಿತ್ತು.” ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳು ಎಂದಳು. ಧೂಳೇನೂ ಇರಲಿಲ್ಲ.

ಮ್ಯಾನೇಜರ್ ಸಹಿ ಹಾಕಿದ. ಹದಿನೇಳು ಹೆಸರಿನ ಕೆಳಗೂ ಹಾಕಿದ, ದೊಡ್ಡಕ್ಕ ಒಂದೊಂದನ್ನೂ ಬೆರಳಿಟ್ಟು ನೋಡಿದಳು. ಕಾವಲು ಸವಾರರ ಕೆಲಸದ ಮಾತು ಇನ್ನೂ ಬಾಕಿ ಇದೆ. ಕಾರಿನಲ್ಲಿ ಬರುವವರನ್ನೆಲ್ಲ ಬಿಟ್ಟು ನಮ್ಮನ್ನು ಮಾತ್ರ ಯಾಕೆ ಪರೀಕ್ಷೆ ಮಾಡಿದಿರಿ ಎಂಬ ಪ್ರಶ್ನೆಯೂ ಬಾಕಿ ಇದೆ. ಎರಡನ್ನೂ ಅಲ್ಲೇ, ಗೇಟಿನೆದುರೇ ಕೇಳುತ್ತೇವೆ. ಈ ಸಲ ಗೋಡೆಗೆ ಬರೆಯುವ ಮೊದಲು ಎಲ್ಲ ಚಕ್ರ ತಿರುಗಿಸಿ ನೋಡಿ ಬರೆಯುತ್ತೇವೆ.

ನೀನು ಬಸ್ಸಿಳಿದು ನೇರ ಅಲ್ಲಿಗೇ ಬಾ. ಮೊದಲು ಅಜ್ಜನ ಹತ್ತಿರ ಹೋಗಿ ಹೇಳಬೇಕಾದ್ದನ್ನು ಹೇಳು, ಭಾಷಣ ಬೇಡ. ಆಮೇಲೆ ನನ್ನ ಸಿಟ್ಟು, ಇಟ್ಟುಕೊಂಡದ್ದು ಹಾಗೇ ಇದೆ, ಅದನ್ನು ತೆಗೆದುಕೋ. ಆಮೇಲೆ ಹೆಲ್ಮೆಟ್ ಹಾಕಿಕೋ. ನಿನಗೆ ಹಸಿರು ದಾರಿ. ಬಲಗೈ ಹಿಂದಿನ ಬ್ರೇಕು, ಮರೆಯಬೇಡ.

ಮೇ 11, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಮೇಲಿನ ಗೇಟು.

ತಂಗಿ